ಎಂ. ವಿ. ಗೋಪಾಲಸ್ವಾಮಿ

ಡಾ. ಎಂ. ವಿ. ಗೋಪಾಲಸ್ವಾಮಿ (1896–1957) ಅವರು ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ಪ್ರಾಧ್ಯಾಪಕರು, ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರು ಹಾಗೂ ಮೈಸೂರು ಸಂಸ್ಥಾನದ ಮೊದಲ ಬಾನುಲಿ ಕೇಂದ್ರದ ಸ್ಥಾಪಕರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ನಿವಾಸವಾದ ವಿಠಲ ವಿಹಾರದಿಂದ ಆರಂಭಿಸಿದ ಖಾಸಗಿ ಪ್ರಸಾರಕ್ಕೆ ಆಕಾಶವಾಣಿ ಎಂಬ ಹೆಸರಿತ್ತು. ಮುಂದೆ ಇದೇ ಹೆಸರನ್ನು ಭಾರತ ಸರ್ಕಾರವು ತನ್ನ ಬಾನುಲಿ ಸಂಸ್ಥೆಗೆ ಸ್ವೀಕರಿಸಿತು. ಬಾನುಲಿಯ ಕಾರಣದಿಂದ ಬಂದ ಖ್ಯಾತಿಯು ಅವರ ಮೂಲ ವೃತ್ತಿಯನ್ನು ಬಹುಮಟ್ಟಿಗೆ ಮರೆಮಾಡಿದೆ. ಭಾರತದಲ್ಲಿ ಮನೋವಿಜ್ಞಾನವು ಸ್ವತಂತ್ರ ಪ್ರಯೋಗಶಾಸ್ತ್ರವಾಗಿ ರೂಪುಗೊಂಡ ಮೊದಲ ದಶಕಗಳಲ್ಲಿ, ದೇಶದ ಎರಡನೆಯ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಅವರು.

ಶಿಕ್ಷಣ ಮತ್ತು ಲಂಡನ್ ಸಂಶೋಧನೆ

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಮನೋವಿಜ್ಞಾನದ ತರಬೇತಿ ಪಡೆದರು. ಸ್ಪಿಯರ್‌ಮನ್ ಸೈನ್ಯದ ಅಧಿಕಾರಿಯಾಗಿದ್ದು, ಆ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಪ್ರಯೋಗಾಲಯದಲ್ಲಿ ಕಲಿತವರು. ವ್ಯಕ್ತಿಯೊಬ್ಬನು ಬೇರೆ ಬೇರೆ ವಿಷಯಗಳಲ್ಲಿ ತೋರುವ ಸಾಮರ್ಥ್ಯಗಳು ಪರಸ್ಪರ ಸಂಬಂಧ ಹೊಂದಿರುವುದನ್ನು ಗಮನಿಸಿದ ಅವರು, ಆ ಎಲ್ಲ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿಯೂ ಪ್ರತಿಯೊಂದು ಕೆಲಸಕ್ಕೆ ಪ್ರತ್ಯೇಕವಾದ ವಿಶಿಷ್ಟ ಶಕ್ತಿಗಳೂ ಇವೆಯೆಂಬ ದ್ವಿಘಟಕ ಸಿದ್ಧಾಂತವನ್ನು 1904ರಲ್ಲಿ ಮಂಡಿಸಿದ್ದರು. ಈ ವಾದವನ್ನು ಗಣಿತದ ಸಹಾಯದಿಂದ ಪರೀಕ್ಷಿಸುವುದೇ ಅಂದಿನ ಲಂಡನ್ ಶಾಲೆಯ ಮುಖ್ಯ ಕೆಲಸವಾಗಿತ್ತು. ಮನಸ್ಸಿನ ಸ್ವರೂಪವೇನು ಎಂಬ ತಾತ್ತ್ವಿಕ ಪ್ರಶ್ನೆಯನ್ನು ಬದಿಗಿಟ್ಟು, ಒಬ್ಬ ವ್ಯಕ್ತಿ ಮತ್ತೊಬ್ಬನಿಗಿಂತ ಯಾವುದರಲ್ಲಿ, ಎಷ್ಟು ಭಿನ್ನನಾಗಿದ್ದಾನೆ ಎಂಬುದನ್ನು ಅಳೆಯುವ ಶಾಸ್ತ್ರವದು.

ಗೋಪಾಲಸ್ವಾಮಿಯವರ ಸಂಶೋಧನೆಯು ಚಲನಾತ್ಮಕ ಕಲಿಕೆಗೆ ಸಂಬಂಧಿಸಿದ್ದು. ಕೈಯಿಂದ ಮಾಡುವ ಕೆಲಸವನ್ನು ಅಭ್ಯಾಸದಿಂದ ಕಲಿಯುವಾಗ ಬುದ್ಧಿಯ ಪಾತ್ರವೇನು ಎಂಬುದು ಅವರ ಪ್ರಶ್ನೆ. ಇದರ ಫಲವಾಗಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ 1924 ಮತ್ತು 1925ರಲ್ಲಿ ಅವರ ಎರಡು ಪ್ರಬಂಧಗಳು ಪ್ರಕಟವಾದವು. ಮೊದಲನೆಯದು ಚಲನಾತ್ಮಕ ಕಲಿಕೆಯಲ್ಲಿ ಬುದ್ಧಿಯನ್ನು ಕುರಿತದ್ದು, ಎರಡನೆಯದು ಅದೇ ಕಲಿಕೆಯಲ್ಲಿನ ಮಿತವ್ಯಯವನ್ನು ಕುರಿತದ್ದು.

ಇಂತಹ ಅಧ್ಯಯನಗಳಿಗೆ ಆ ಕಾಲದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸಾಧನ ಕನ್ನಡಿ ರೇಖನ. ವ್ಯಕ್ತಿಯ ಕೈಯನ್ನು ಅವನಿಗೆ ನೇರವಾಗಿ ಕಾಣದಂತೆ ಮರೆಮಾಡಿ, ಎದುರಿಗಿಟ್ಟ ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರಾಕಾರದ ಚಿತ್ರವನ್ನು ಪೆನ್ಸಿಲಿನಿಂದ ಅನುಸರಿಸಲು ಹೇಳಲಾಗುತ್ತದೆ. ಕನ್ನಡಿಯಲ್ಲಿ ದಿಕ್ಕು ತಲೆಕೆಳಗಾಗುವುದರಿಂದ ಜೀವಮಾನವಿಡೀ ರೂಢಿಯಾದ ಕೈಯ ಅಭ್ಯಾಸವೇ ಅಡ್ಡಿಯಾಗುತ್ತದೆ. ಮೊದಲ ಸಲ ಪೆನ್ಸಿಲು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ನಿಂತುಬಿಡುವುದೂ ಉಂಟು. ಪ್ರಯತ್ನ ಹೆಚ್ಚಿದಂತೆ ಸಮಯವೂ ತಪ್ಪುಗಳೂ ಇಳಿಯುತ್ತವೆ. ಆ ಇಳಿಕೆಯ ವೇಗವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ಸರಳವಾಗಿ ತೋರುವ ಈ ಸಾಧನವು ಕಲಿಕೆಯನ್ನು ಅಂಕಿಗಳಲ್ಲಿ ದಾಖಲಿಸಲು ಅನುಕೂಲ ಮಾಡಿಕೊಡುತ್ತದೆ. ಇಂದಿಗೂ ಕರ್ನಾಟಕದ ಕಾಲೇಜುಗಳ ಮನೋವಿಜ್ಞಾನ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡುತ್ತಾರೆ.

ಮೈಸೂರಿನ ಮನೋವಿಜ್ಞಾನ ವಿಭಾಗ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಭಾರತದ ಮೊದಲ ಪ್ರಾಯೋಗಿಕ ಮನೋವಿಜ್ಞಾನ ವಿಭಾಗವು ಹಾರ್ವರ್ಡ್‌ನಲ್ಲಿ ಕಲಿತು ಬಂದಿದ್ದ ಎನ್. ಎನ್. ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಪ್ರಾರಂಭವಾಗಿತ್ತು. ಅಲ್ಲಿನ ಮನೋವಿಜ್ಞಾನದ ಪಠ್ಯಕ್ರಮವನ್ನು ಮೊದಲು ರೂಪಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಸೀಲ್ ಅವರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅವರ ಅಧಿಕಾರಾವಧಿಯಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನೋವಿಜ್ಞಾನದ ಪ್ರತ್ಯೇಕ ವಿಭಾಗ ಆರಂಭವಾಗಿ ಲಂಡನ್ನಿನಿಂದ ಮರಳಿದ ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರಾದರು.

ಅಂದಿನ ಭಾರತದಲ್ಲಿ ಮನೋವಿಜ್ಞಾನವು ಸಾಮಾನ್ಯವಾಗಿ ತತ್ತ್ವಶಾಸ್ತ್ರದ ಒಂದು ಪತ್ರಿಕೆಯಾಗಿ ಮಾತ್ರ ಬೋಧಿಸಲ್ಪಡುತ್ತಿತ್ತು. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಬಲವಾದ ಪರಂಪರೆಯಿತ್ತು. ಸರ್ವಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಎ. ಆರ್. ವಾಡಿಯಾ, ಎಂ. ಹಿರಿಯಣ್ಣ ಮೊದಲಾದವರು ಅದೇ ಕಾಲೇಜಿನ ವಿದ್ವಾಂಸರು. ಇಂತಹ ಪರಿಸರದಲ್ಲಿ ಉಪಕರಣ, ಗಡಿಯಾರ ಮತ್ತು ಅಂಕಿಅಂಶಗಳನ್ನು ನೆಚ್ಚಿದ ವಿಷಯವೊಂದು ತನ್ನದೇ ಸ್ಥಾನ ಪಡೆಯುವುದು ಸಣ್ಣ ಸಂಗತಿಯಾಗಿರಲಿಲ್ಲ. ಅದರ ಮಹತ್ವವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಮೈಸೂರಿನ ನಂತರದ ಮುಂದಿನ ಸ್ವತಂತ್ರ ವಿಭಾಗವು ಪಾಟ್ನಾದಲ್ಲಿ ಆರಂಭವಾದದ್ದು 1946ರಲ್ಲಿ. ಸ್ವಾತಂತ್ರ್ಯ ಬರುವ ಹೊತ್ತಿಗೆ ಇಡೀ ದೇಶದಲ್ಲಿ ಕಲ್ಕತ್ತ, ಮೈಸೂರು ಮತ್ತು ಪಾಟ್ನಾ ವಿಭಾಗಗಳು ಮಾತ್ರ ಇದ್ದವು.

ಬುದ್ಧಿಮಾಪನ

ಕಲ್ಕತ್ತದ ವಿಭಾಗವು ಪ್ರಾಯೋಗಿಕ ಮನೋವಿಜ್ಞಾನ ಮತ್ತು ಮುಂದೆ ಮನೋವಿಶ್ಲೇಷಣೆಯ ಕಡೆಗೆ ಒಲಿದರೆ, ಮೈಸೂರಿನ ವಿಭಾಗವು ಗೋಪಾಲಸ್ವಾಮಿಯವರ ಲಂಡನ್ ತರಬೇತಿಗೆ ಅನುಗುಣವಾಗಿ ಮಾನಸಿಕ ಮಾಪನಕ್ಕೆ ಒತ್ತು ನೀಡಿತು. ಪಾಶ್ಚಾತ್ಯ ಬುದ್ಧಿ ಪರೀಕ್ಷೆಗಳನ್ನು ಭಾರತೀಯ ಪರಿಸ್ಥಿತಿಗೆ ಹೊಂದಿಸುವ ಕಾರ್ಯವನ್ನು ಅವರು ಕೈಗೆತ್ತಿಕೊಂಡರು.

ಇದು ಕೇವಲ ಭಾಷಾಂತರದ ಕೆಲಸವಲ್ಲ. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ 1905ರಲ್ಲಿ ಸಿದ್ಧಪಡಿಸಿದ ಪರೀಕ್ಷೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1916ರಲ್ಲಿ ಪರಿಷ್ಕರಿಸಿದಾಗಲೇ ಅನೇಕ ಪ್ರಶ್ನೆಗಳನ್ನು ಬದಲಾಯಿಸಬೇಕಾಯಿತು. ಬಿನೆ ಮಾದರಿಯ ಪರೀಕ್ಷೆಯಲ್ಲಿ ನಾಣ್ಯಗಳನ್ನು ಗುರುತಿಸುವುದು, ಚಿತ್ರವನ್ನು ವಿವರಿಸುವುದು, ಪದಗಳ ಅರ್ಥ ಹೇಳುವುದು ಮುಂತಾದ ಅಂಶಗಳಿರುತ್ತವೆ. ನಾಣ್ಯ ಬೇರೆಯಾದರೆ, ಚಿತ್ರದಲ್ಲಿನ ಮನೆ ಮತ್ತು ಉಡುಪು ಮಗುವಿಗೆ ಅಪರಿಚಿತವಾಗಿದ್ದರೆ, ಮಗುವಿನ ತಪ್ಪು ಉತ್ತರವು ಬುದ್ಧಿಯ ಕೊರತೆಯನ್ನು ಸೂಚಿಸುವುದಿಲ್ಲ, ಪರಿಚಯದ ಕೊರತೆಯನ್ನಷ್ಟೆ ಸೂಚಿಸುತ್ತದೆ. ಒಂದು ಪದ ಫ್ರೆಂಚಿನಲ್ಲಿ ಸುಲಭವಾಗಿದ್ದರೂ ಅದರ ಸಮಾನಾರ್ಥಕವು ಕನ್ನಡದಲ್ಲಿ ಗ್ರಂಥಸ್ಥ ಪದವಾಗಿರಬಹುದು. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಸ್ಥಳೀಯ ಮಕ್ಕಳ ಮೇಲೆ ಪ್ರಯೋಗಿಸಿ, ಯಾವ ವಯಸ್ಸಿನ ಬಹುಪಾಲು ಮಕ್ಕಳು ಅದಕ್ಕೆ ಉತ್ತರಿಸಬಲ್ಲರೆಂಬುದನ್ನು ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಕನ್ನಡದ ಮಟ್ಟಿಗೆ ಈ ಕೆಲಸವು ಆ ದಶಕಗಳಲ್ಲಿ ಬೇರೊಂದು ದಿಕ್ಕಿನಿಂದಲೂ ನಡೆಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದರು. ಆ ಪರಿಷ್ಕರಣವನ್ನು ಕುರಿತ ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಮುಂದೆ ಬಹುಕಾಲ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬಳಕೆಗೆ ಬಂದದ್ದು ಕಾಮತ್ ಅವರ ಪರೀಕ್ಷೆ.

ಪ್ರಾಣಿ ಪ್ರಯೋಗಾಲಯ

ಭಾರತದಲ್ಲಿ ಮನೋವಿಜ್ಞಾನದ ಮೊದಲ ಪ್ರಾಣಿ ಪ್ರಯೋಗಾಲಯವನ್ನು ಸ್ಥಾಪಿಸಿದ ಕೀರ್ತಿಯೂ ಗೋಪಾಲಸ್ವಾಮಿಯವರಿಗೆ ಸಲ್ಲುತ್ತದೆ. ಸ್ಪಿಯರ್‌ಮನ್ ಪರಂಪರೆಯಿಂದ ಬಂದವರು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟದ್ದು ಗಮನಾರ್ಹ. ಏಕೆಂದರೆ ಪ್ರಾಣಿಗಳ ಕಲಿಕೆಯ ಅಧ್ಯಯನವು ಮುಖ್ಯವಾಗಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ವರ್ತನವಾದಿಗಳ ಕ್ಷೇತ್ರವಾಗಿತ್ತು. ಮಾಪನವು ವ್ಯಕ್ತಿವ್ಯಕ್ತಿಗಳ ನಡುವಿನ ವ್ಯತ್ಯಾಸವನ್ನು ತಿಳಿಸಬಲ್ಲದು. ಆದರೆ ಜೀವಿಯೊಂದು ಏಕೆ ಕಲಿಯುತ್ತದೆ, ಹಸಿವು, ಬಾಯಾರಿಕೆ, ಬಹುಮಾನ, ನೋವು ಮುಂತಾದ ಪ್ರೇರಣೆಗಳು ಕಲಿಕೆಯನ್ನು ಹೇಗೆ ಚುರುಕುಗೊಳಿಸುತ್ತವೆ ಅಥವಾ ಕೆಡಿಸುತ್ತವೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮನುಷ್ಯರನ್ನು ಹಸಿವಿನಲ್ಲಿಟ್ಟು ಪರೀಕ್ಷಿಸಲಾಗದು. ಪ್ರೇರಣೆಯನ್ನು ನಿಯಂತ್ರಿಸಿ ಕಲಿಕೆಯನ್ನು ಅಳೆಯುವ ಪ್ರಯೋಗಗಳು ಪ್ರಾಣಿಗಳ ಮೇಲೆ ನಡೆದದ್ದು ಈ ಕಾರಣಕ್ಕೆ. ಮಾಪನ ಮತ್ತು ಪ್ರಾಣಿ ಪ್ರಯೋಗ, ಈ ಎರಡೂ ಒಂದೇ ವಿಭಾಗದಲ್ಲಿ ಆರಂಭದ ಘಟ್ಟದಲ್ಲಿಯೇ ಕಾಣಿಸಿಕೊಂಡದ್ದರಿಂದ ಭಾರತೀಯ ಮನೋವಿಜ್ಞಾನದ ಇತಿಹಾಸಗಳು ಮೈಸೂರನ್ನು ಪ್ರತ್ಯೇಕವಾಗಿ ಹೆಸರಿಸುತ್ತವೆ.

ಆಕಾಶವಾಣಿ

ಭಾರತದಲ್ಲಿ ಬಾನುಲಿ ಪ್ರಸಾರವು ಹವ್ಯಾಸಿ ಕ್ಲಬ್ಬುಗಳಿಂದ ಆರಂಭವಾಯಿತು. ಮದರಾಸಿನ ರೇಡಿಯೋ ಕ್ಲಬ್ಬು 1924ರಲ್ಲಿ ಪ್ರಸಾರ ನಡೆಸಿತು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ನಿಲಯಗಳನ್ನು ತೆರೆಯಿತು. ಆದರೆ ಮೂರು ವರ್ಷಗಳಲ್ಲಿ ಅದು ದಿವಾಳಿಯಾಗಿ, ನಿಲಯಗಳು ಸರ್ಕಾರದ ವಶಕ್ಕೆ ಬಂದವು. ಬಂಡವಾಳವಿದ್ದ ಕಂಪನಿಯೇ ಉಳಿಯಲಾಗದ ಈ ಕ್ಷೇತ್ರಕ್ಕೆ ಐದು ವರ್ಷಗಳ ನಂತರ ಕಾಲೇಜು ಪ್ರಾಧ್ಯಾಪಕರೊಬ್ಬರು ಸ್ವಂತ ಖರ್ಚಿನಲ್ಲಿ ಕೈಹಾಕಿದರು. ಆಗಿನ್ನೂ ದೆಹಲಿ ನಿಲಯವು ಆರಂಭವಾಗಿರಲಿಲ್ಲ, ಅದು ಪ್ರಸಾರ ಪ್ರಾರಂಭಿಸಿದ್ದು 1936ರ ಜನವರಿ 1ರಂದು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರೂ ಹುಟ್ಟಿದ್ದು 1936ರ ಜೂನ್‌ನಲ್ಲಿ.

1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ವಿಠಲ ವಿಹಾರದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದರು. ಮನೆಯ ಒಂದು ವಿದ್ಯುತ್ ದೀಪವು ಬಳಸುವಷ್ಟೇ ಶಕ್ತಿ ಇದು. ಇಷ್ಟು ಕಡಿಮೆ ಶಕ್ತಿಯ ಪ್ರಸಾರವು ಹಗಲಿನಲ್ಲಿ ನಗರ ಮತ್ತು ಅದರ ಸುತ್ತಮುತ್ತಲಿಗೆ ಸೀಮಿತವಾಗಿರುತ್ತದೆ. ರಾತ್ರಿಯ ವೇಳೆ ವಾಯುಮಂಡಲದ ಮೇಲ್ಪದರದಿಂದ ಅಲೆಗಳು ಪ್ರತಿಫಲಿಸುವುದರಿಂದ ಕೆಲವೊಮ್ಮೆ ದೂರದಲ್ಲಿಯೂ ಕ್ಷೀಣವಾಗಿ ಕೇಳಿಸುವುದುಂಟು. ಮುಂದೆ ಅವರು 250 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನು ವಿದೇಶದಿಂದ ತರಿಸಿ ಅಳವಡಿಸಿದರು. ಮೈಸೂರು ನಗರಕ್ಕೆ 1908ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಬಂದಿದ್ದುದು ಇಂತಹ ಸಾಹಸಕ್ಕೆ ಅನುಕೂಲವಾಗಿತ್ತೆಂಬುದನ್ನು ಮರೆಯಲಾಗದು. ಸಂಸ್ಥಾನದ ಹಳ್ಳಿಗಳಲ್ಲಿ ಅಂದು ರೇಡಿಯೋ ಕೇಳಬೇಕಾದರೆ ಭಾರವಾದ ಬ್ಯಾಟರಿಗಳು ಬೇಕಾಗಿದ್ದವು.

ಸಂಗೀತ, ಭಾಷಣ ಮತ್ತು ಕಾವ್ಯವಾಚನಗಳು ಕಾರ್ಯಕ್ರಮಗಳ ಮುಖ್ಯ ಭಾಗವಾಗಿದ್ದವು. ಆಗ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕುವೆಂಪು ಅವರ ಕವಿತಾವಾಚನವು ಮೊದಲ ಪ್ರಸಾರದಲ್ಲಿ ಕೇಳಿಬಂದಿತೆಂದು ಕನ್ನಡ ಬಾನುಲಿಯ ಚರಿತ್ರೆಗಳು ಹೇಳುತ್ತವೆ. ಕಾಲೇಜು ಮತ್ತು ಅರಮನೆ ನಗರದ ಕಲಾವಿದರ ಬಳಗವು ಸಮೀಪದಲ್ಲಿಯೇ ಇದ್ದುದು ಮನೆಯೊಳಗಿನ ನಿಲಯಕ್ಕೆ ದೊರೆತ ದೊಡ್ಡ ಬಂಡವಾಳ. ಹಣದ ಬಂಡವಾಳ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಪ್ರಸಾರದಿಂದ ಆದಾಯವಿರಲಿಲ್ಲ. ಕೇಳುಗನು ಯಾರು, ಎಷ್ಟು ಮಂದಿ ಎಂಬುದು ತಿಳಿಯದ ಮಾಧ್ಯಮಕ್ಕೆ ಪ್ರತಿದಿನವೂ ಉಪಕರಣ, ವಿದ್ಯುತ್ತು, ಕಲಾವಿದರು ಬೇಕು. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಹಣ, ಸಾರ್ವಜನಿಕರ ದೇಣಿಗೆ ಮತ್ತು ಮೈಸೂರು ಪುರಸಭೆಯ ನೆರವಿನಿಂದ ನಿಲಯವನ್ನು ಸುಮಾರು 6 ವರ್ಷ ನಡೆಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು.

ಅಂದು ಕನ್ನಡ ಮಾತನಾಡುವ ಪ್ರದೇಶಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದನ್ನು ಇಲ್ಲಿ ಗಮನಿಸಬೇಕು. ಮೈಸೂರಿನ ಪ್ರಸಾರವು ಸಂಸ್ಥಾನದ ದಕ್ಷಿಣ ಭಾಗಕ್ಕೆ ಸೀಮಿತವಾದ ಕನ್ನಡ ಬಾನುಲಿಯಾಗಿತ್ತು. ರಾಯಚೂರು, ಮಾನ್ವಿ, ದೇವದುರ್ಗ ಮೊದಲಾದ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಬಾನುಲಿಯೂ 1935ರಲ್ಲಿಯೇ ಸರ್ಕಾರದ ಆಶ್ರಯದಲ್ಲಿ ಆರಂಭವಾಯಿತಾದರೂ ಅಲ್ಲಿನ ಆಡಳಿತ ಭಾಷೆ ಉರ್ದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯ ಕನ್ನಡಿಗರಿಗೆ ತಮ್ಮ ಪ್ರದೇಶದ್ದೇ ಆದ ನಿಲಯವು ದೊರೆತದ್ದು 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ. ಮೈಸೂರಿನ ಮನೆಯೊಂದರಲ್ಲಿ ಬಳಕೆಗೆ ಬಂದ ಹೆಸರು ಆ ಸೀಮೆಯನ್ನು ತಲುಪಲು ಮೂರು ದಶಕಗಳೇ ಹಿಡಿದವು.

ಹೆಸರು

ಪುರಾಣಗಳಲ್ಲಿ ಆಕಾಶವಾಣಿಯೆಂದರೆ ದೇಹವಿಲ್ಲದೆ ಬಾನಿನಿಂದ ಕೇಳಿಬರುವ ನುಡಿ. ದೇವಕಿಯ ಎಂಟನೆಯ ಮಗನಿಂದ ತನಗೆ ಸಾವೆಂಬುದನ್ನು ಕಂಸನಿಗೆ ತಿಳಿಸಿದ ಧ್ವನಿಯನ್ನು ಕನ್ನಡ ಓದುಗರೆಲ್ಲರೂ ಬಲ್ಲರು. ಹೇಳುವವನು ಕಾಣಿಸದೆ ಮಾತು ಮಾತ್ರ ಕೇಳುವ ಹೊಸ ಯಂತ್ರಕ್ಕೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ. ಈ ಹೆಸರನ್ನು ಸೂಚಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಹಾಸ್ಯ ಲೇಖಕರೂ ಆಗಿದ್ದ ನಾ. ಕಸ್ತೂರಿ ಎಂಬುದು ಸಾಮಾನ್ಯವಾಗಿ ಪ್ರಚಲಿತವಾದ ಅಭಿಪ್ರಾಯ. ಕಸ್ತೂರಿಯವರು ಮುಂದೆ ಬಾನುಲಿಯಲ್ಲಿಯೇ ಸೇವೆ ಸಲ್ಲಿಸಿದರು.

ಬಾನುಲಿಗೆ ಈ ಪದದ ಬಳಕೆಯನ್ನು ರವೀಂದ್ರನಾಥ ಟ್ಯಾಗೋರರಿಗೆ ಆರೋಪಿಸುವ ವಾಡಿಕೆಯೂ ಉಂಟು. ಅದಕ್ಕೆ ಆಧಾರವಾಗಿ ಹೇಳುವ ಕಲ್ಕತ್ತ ಶಾರ್ಟ್‌ವೇವ್ ಸೇವೆಯ ಕವಿತೆಯು 1938ರದ್ದು, ಅಂದರೆ ಮೈಸೂರಿನ ನಿಲಯಕ್ಕಿಂತ ಮೂರು ವರ್ಷ ಈಚಿನದು. ಭಾರತ ಸರ್ಕಾರವು ಈ ಹೆಸರನ್ನು ಅಧಿಕೃತವಾಗಿ ಬಳಕೆಗೆ ತಂದದ್ದು 1950ರ ದಶಕದ ಉತ್ತರಾರ್ಧದಲ್ಲಿ, ಗೋಪಾಲಸ್ವಾಮಿಯವರ ಜೀವಿತದ ಕೊನೆಯ ವೇಳೆಗೆ.

ನಿಲಯದ ಮುಂದಿನ ಕಥೆ

ಸಂಸ್ಥಾನಗಳ ವಿಲೀನದ ನಂತರ, 1950ರಲ್ಲಿ ಮೈಸೂರು ಆಕಾಶವಾಣಿಯು ಆಲ್ ಇಂಡಿಯಾ ರೇಡಿಯೋದ ಭಾಗವಾಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರವು ಪ್ರಾರಂಭವಾಗಿತ್ತು. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರವು ಕಾರ್ಯಾರಂಭ ಮಾಡಿದಾಗ ಮೈಸೂರಿನ ನಿಲಯವು ಅಲ್ಲಿಗೆ ಸ್ಥಳಾಂತರಗೊಂಡಿತು. ಆಡಳಿತದ ದೃಷ್ಟಿಯಿಂದ ಇದು ಸಹಜವಾದ ನಿರ್ಧಾರವಾದರೂ ಬಾನುಲಿಗೆ ಹೆಸರು ಕೊಟ್ಟ ನಗರವು ಎರಡು ದಶಕಗಳ ಕಾಲ ತನ್ನದೇ ನಿಲಯವಿಲ್ಲದೆ ಉಳಿಯಿತು. ಮೈಸೂರಿನಲ್ಲಿ ಮತ್ತೆ ಕೇಂದ್ರ ಆರಂಭವಾದದ್ದು 1974ರಲ್ಲಿ. ಯಾದವಗಿರಿಯಲ್ಲಿರುವ ಈ ಕೇಂದ್ರದಿಂದ ವಿಠಲ ವಿಹಾರವು ಸುಮಾರು 200 ಗಜ ದೂರದಲ್ಲಿದೆ. ಈಗ ಮೈಸೂರು ಆಕಾಶವಾಣಿಯು 100.6 ಮೆಗಾಹರ್ಟ್ಸ್ ಎಫ್‌ಎಂ ತರಂಗಾಂತರದಲ್ಲಿ ಪ್ರಸಾರವಾಗುತ್ತದೆ.

ಮನೋವಿಜ್ಞಾನ ಕ್ಷೇತ್ರದಲ್ಲಿ ಪ್ರಭಾವ

ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಅವರು ಕಟ್ಟಿದ ವಿಭಾಗವನ್ನು ಮುಂದುವರಿಸಿದವರಲ್ಲಿ ಬಿ. ಕೃಷ್ಣನ್ ಅವರು ಪ್ರಾಚೀನ ಭಾರತೀಯ ಚಿಂತನೆಯಲ್ಲಿನ ಮನೋವೈಜ್ಞಾನಿಕ ಅಂಶಗಳ ಕಡೆಗೆ ಗಮನ ಹರಿಸಿದರು. ಮೈಸೂರಿನಲ್ಲಿ ಮನೋವಿಜ್ಞಾನವನ್ನು ಬೋಧಿಸಿದ ಬಿ. ಕುಪ್ಪುಸ್ವಾಮಿ ಅವರು ಸಾಮಾಜಿಕ ಮನೋವಿಜ್ಞಾನದಲ್ಲಿ ಹೆಸರಾದರು. ಕುಟುಂಬದ ಶಿಕ್ಷಣ, ಉದ್ಯೋಗ ಮತ್ತು ಆದಾಯಗಳನ್ನು ಆಧರಿಸಿ ಅವರು 1976ರಲ್ಲಿ ಪ್ರಕಟಿಸಿದ ಸಾಮಾಜಿಕ–ಆರ್ಥಿಕ ಸ್ಥಿತಿಯ ಮಾಪಕವು ಆದಾಯದ ಅಂಕಿಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಿಕೊಂಡು ಇಂದಿಗೂ ದೇಶದ ವೈದ್ಯಕೀಯ ಕಾಲೇಜುಗಳ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಒಬ್ಬ ವ್ಯಕ್ತಿಯನ್ನು ಅಂಕಿಯಲ್ಲಿ ಹಿಡಿಯುವ ಲಂಡನ್ ಪದ್ಧತಿಯು ಇಲ್ಲಿ ವ್ಯಕ್ತಿಯಿಂದ ಕುಟುಂಬಕ್ಕೆ ವಿಸ್ತರಿಸಿರುವುದನ್ನು ಕಾಣಬಹುದು.

1960ರಲ್ಲಿ ಮಾನಸಗಂಗೋತ್ರಿ ಸ್ಥಾಪನೆಯಾದ ಬಳಿಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಅಧ್ಯಯನವು ಅಲ್ಲಿ ನೆಲೆಗೊಂಡಿತು. ಮನೋವಿಜ್ಞಾನ ವಿಭಾಗವೂ ಈಗ ಅಲ್ಲಿಯೇ ಇದೆ.

ಹೆಸರಿನ ಗೊಂದಲ

ಎಂ. ವಿ. ಗೋಪಾಲಸ್ವಾಮಿಯವರನ್ನು ಸಮಕಾಲೀನರಾದ ಮನೋವೈದ್ಯ ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಅವರೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಹೆಸರಿನ ಮೊದಲಕ್ಷರಗಳು ಒಂದೇ ಆಗಿದ್ದು ಇಬ್ಬರ ಕ್ಷೇತ್ರಗಳೂ ಮನಸ್ಸಿಗೆ ಸಂಬಂಧಿಸಿರುವುದು ಇದಕ್ಕೆ ಕಾರಣ. ಗೋವಿಂದಸ್ವಾಮಿಯವರು ವೈದ್ಯರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1954ರಲ್ಲಿ ಅಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆ ಸಂಸ್ಥೆಯೂ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಗೋಪಾಲಸ್ವಾಮಿಯವರು ವೈದ್ಯರಲ್ಲ, ಅವರ ಕಾರ್ಯಕ್ಷೇತ್ರ ಮೈಸೂರಿನ ಕಾಲೇಜು ಮತ್ತು ಅದರ ಪ್ರಯೋಗಾಲಯ.